ಜಾಲಪುಟಗಳಲ್ಲಿ ಶೈಲಿಪತ್ರಗಳ ವಿಂಗಡಣೆಯೂ ಕಟ್ಟುವಿಕೆಯೂ

ಘೋಣಸಗಿಯೆಂಬುದು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿಗೆ ಸೇರಿದ ಒಂದು ಗ್ರಾಮ. ಅದರ ಹೆಸರನ್ನು ಕನ್ನಡದಲ್ಲಿ ಬರೆದರೆ ಕಣ್ಣಿಗೆ ಕಾಣುವುದು ೪ ಅಕ್ಷರಗಳು. ಗಣಕಯಂತ್ರದ ಲೆಕ್ಕದಲ್ಲಿ ಮಾತ್ರ ಸ್ವರಚಿಹ್ನೆಗಳು ಬೇರೆಯಾಗಿ ಎಣಿಸಲ್ಪಡುವುದರಿಂದ ಅವು ೬ ಸಂಕೇತಗಳಾಗುತ್ತವೆ, ಯು.ಟಿ.ಎಫ್.-೮ ಎಂಬ ಕ್ರಮದಂತೆ ಒಂದೊಂದು ಕನ್ನಡ ಸಂಕೇತಕ್ಕೆ ೩ ಬೈಟುಗಳು ಸಲ್ಲುವುದರಿಂದ ಒಟ್ಟು ೧೮ ಬೈಟುಗಳಾಗುತ್ತವೆ. ಆ ಗ್ರಾಮವನ್ನು ಕುರಿತು ಜಾಲತಾಣವೊಂದರಲ್ಲಿ ಒಂದು ಪುಟವಿದೆಯೆಂದು ಭಾವಿಸಿದರೆ, ಅದರಲ್ಲಿನ ಹತ್ತಿಪ್ಪತ್ತು ವಾಕ್ಯಗಳ ಭಾರವೂ ಬಹಳವೇನಲ್ಲ. ಆದರೆ ಆ ಪುಟವು ಓದುವವನ ಕೈಯಲ್ಲಿರುವ ಮೊಬೈಲಿನಲ್ಲಿ ಅಚ್ಚುಕಟ್ಟಾಗಿ ಮೂಡಬೇಕಾದರೆ ಬರಹದೊಡನೆ ಬೇರೆ ಸಾಮಗ್ರಿಯೂ ಬರಬೇಕು: ಬಣ್ಣ, ಅಂಚು, ಸಾಲಿನ ಅಂತರ ಮೊದಲಾದವನ್ನು ವಿಧಿಸುವ ಶೈಲಿಪತ್ರಗಳು, ಗುಂಡಿಯೊತ್ತಿದರೆ ಆಗತಕ್ಕ ಕೆಲಸವನ್ನು ಹೇಳುವ ಸ್ಕ್ರಿಪ್ಟುಗಳು, ಸಣ್ಣ ಚಿತ್ರಗಳು, ಕೆಲವು ವೇಳೆ ಅಕ್ಷರಗಳ ಆಕಾರವನ್ನೇ ಹೊತ್ತ ಫಾಂಟು. ಈ ಪರಿವಾರದ ತೂಕವು ಬರಹದ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿರುವುದು ಸಾಮಾನ್ಯ.

ಈ ಸಾಮಗ್ರಿಯನ್ನು ಯಾವ ಕ್ರಮದಲ್ಲಿ ವಿಂಗಡಿಸಬೇಕು, ಎಷ್ಟೆಷ್ಟನ್ನು ಒಂದೊಂದು ಕಟ್ಟಾಗಿ ಕಟ್ಟಿ ಕಳುಹಿಸಬೇಕು ಎಂಬುದು ತಂತ್ರಾಂಶಗಳನ್ನು ರಚಿಸುವವರ ಮುಂದಿರುವ ಒಂದು ಪ್ರಶ್ನೆ. ಇದು ಕೇವಲ ಕುಶಲಕರ್ಮಿಗಳ ಅನುಕೂಲದ ವಿಷಯವೆಂದು ತೋರಬಹುದು. ಆದರೆ ಸಂಪರ್ಕವು ದುರ್ಬಲವಾಗಿರುವ ಊರಿನಲ್ಲಿ ಕುಳಿತ ವಾಚಕನಿಗೆ ಪುಟವು ಕಾಣುವುದೇ ಇಲ್ಲವೇ, ಕಂಡರೆ ಕನ್ನಡವಾಗಿ ಕಾಣುವುದೇ ಇಲ್ಲವೇ ಎಂಬುದು ಈ ವ್ಯವಸ್ಥೆಯನ್ನೇ ಅವಲಂಬಿಸಿದೆ. ಕನ್ನಡದಲ್ಲಿ ಈ ವಿಷಯಕ್ಕೆ ಎಲ್ಲರೂ ತೆರೆದು ನೋಡಬಹುದಾದ ಒಂದು ದೃಷ್ಟಾಂತವಿದೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಅದಕ್ಕೆ ಆಧಾರವಾದ ಮೀಡಿಯಾವಿಕಿಯೆಂಬ ತಂತ್ರಾಂಶವೂ ಆ ದೃಷ್ಟಾಂತ. ಅದರ ಒಳಗಣ ಕಟ್ಟು ಮರೆಯಾಗಿಲ್ಲ. ನಡೆದ ತಿದ್ದುಪಡಿಗಳೆಲ್ಲ ದಾಖಲೆಯಲ್ಲಿವೆ. ಆದಕಾರಣ ಮುಂದಿನ ವಿವೇಚನೆಯು ಅದನ್ನು ಅನುಸರಿಸಿ ನಡೆಯುವುದು.

೧. ಬರಹವೂ ರೂಪವೂ

ಮೊದಲು ತಿಳಿಯಬೇಕಾದ ತತ್ತ್ವವೇನೆಂದರೆ, ಬರಹವು ಬೇರೆ, ಅದರ ರೂಪವು ಬೇರೆ ಎಂಬುದು. ಇದು ಮೇಲುನೋಟಕ್ಕೆ ಸರಳವಾದ ಮಾತು. ಆದರೆ ಇದನ್ನು ಮರೆತುದರ ಫಲವನ್ನು ಕನ್ನಡಿಗರು ಬಹುಕಾಲ ಅನುಭವಿಸಿದ್ದಾರೆ. ಯೂನಿಕೋಡ್ ಪದ್ಧತಿಯು ಬಳಕೆಗೆ ಬರುವುದಕ್ಕೆ ಮುಂಚೆ ಕನ್ನಡದ ಜಾಲಪುಟಗಳಲ್ಲಿ ಅನೇಕವು ಒಂದೊಂದು ಫಾಂಟಿನ ಸಂಕೇತಕ್ರಮವನ್ನೇ ನಂಬಿದ್ದವು. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಸ್ಥಾನದಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರವನ್ನಿರಿಸಿ, ಆ ಫಾಂಟು ಇದ್ದ ಯಂತ್ರದಲ್ಲಿ ಮಾತ್ರ ಕನ್ನಡವು ಕಾಣುವಂತೆ ಮಾಡಲಾಗಿತ್ತು. ಆ ಫಾಂಟಿಲ್ಲದವನಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹುಡುಕುವ ಯಂತ್ರಕ್ಕೂ ಅದು ಕನ್ನಡವಾಗಿರಲಿಲ್ಲ. ಅಲ್ಲಿ ರೂಪವು ಬರಹದ ಮೇಲಿನ ಉಡುಪಾಗಿರದೆ ಬರಹವೇ ಆಗಿಬಿಟ್ಟಿತ್ತು. ಉಡುಪನ್ನು ಬದಲಾಯಿಸಿದರೆ ಬರಹವೇ ನಾಶವಾಗುತ್ತಿತ್ತು.

೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ವಿಭಾಗವು ದೊರೆಯಿತು. ಅದು ಬಳಕೆಗೆ ಬಂದಂತೆ ‘ಕ’ ಎಂಬುದು ಯಾವ ಫಾಂಟಿನಲ್ಲಿಯೂ ‘ಕ’ವೇ ಆಗಿ ಉಳಿಯುವುದು ಸಾಧ್ಯವಾಯಿತು. ಜಾಲಪುಟಗಳ ವಿಷಯದಲ್ಲಿ ಇದೇ ಬಗೆಯ ವಿವೇಕವನ್ನು ೧೯೯೪ರಲ್ಲಿ ನಾರ್ವೆಯ ಹೋಕಾನ್ ವಿಯುಮ್ ಲೀ ಎಂಬವರು ಸೂಚಿಸಿದರು. ಪುಟದ ಬರಹವು ಒಂದು ಕಡತದಲ್ಲಿರಲಿ, ಅದು ಹೇಗೆ ಕಾಣಬೇಕೆಂಬ ವಿಧಿಗಳು ಇನ್ನೊಂದರಲ್ಲಿರಲಿ ಎಂಬುದೇ ಅವರ ಸೂಚನೆಯ ಸಾರ. ೧೯೯೬ರ ಡಿಸೆಂಬರಿನಲ್ಲಿ ಅದು ಸಿ.ಎಸ್.ಎಸ್. ಎಂಬ ಹೆಸರಿನಿಂದ ಜಾಲದ ಮಾನಕಸಂಸ್ಥೆಯ ಶಿಫಾರಸ್ಸಾಗಿ ಹೊರಬಿದ್ದಿತು. ಅಂತಹ ವಿಧಿಗಳ ಕಡತವೇ ಶೈಲಿಪತ್ರ.

ಈ ಪ್ರತ್ಯೇಕತೆಯ ಪ್ರಯೋಜನವನ್ನು ವಿಜಯಪುರ ಜಿಲ್ಲೆಯ ಗ್ರಾಮಗಳ ಪುಟಗಳಿಂದಲೇ ತಿಳಿಯಬಹುದು. ಜಿಲ್ಲೆ, ತಾಲ್ಲೂಕು, ಜನಸಂಖ್ಯೆ, ಪಿನ್ ಸಂಖ್ಯೆ ಮೊದಲಾದವನ್ನು ಕೋಷ್ಟಕದಂತೆ ತೋರಿಸುವ ಒಂದು ಮಾಹಿತಿಚೌಕಟ್ಟು ಇಂತಹ ಪುಟಗಳಲ್ಲಿ ಇರುವುದು ವಾಡಿಕೆ. ಚೌಕಟ್ಟಿನ ಬಣ್ಣ, ಅಗಲ, ಅಂಚುಗಳ ವಿಧಿಗಳನ್ನು ಪ್ರತಿಯೊಂದು ಪುಟದ ಬರಹದೊಳಗೇ ಬೆರೆಸಿ ಬರೆದಿದ್ದರೆ, ಬಣ್ಣವನ್ನು ಬದಲಿಸಲು ನೂರಾರು ಪುಟಗಳನ್ನು ತೆರೆಯಬೇಕಾಗುವುದು. ಅವನ್ನು ಒಂದು ಶೈಲಿಪತ್ರದಲ್ಲಿಟ್ಟಿದ್ದರೆ ಒಂದು ಸಾಲಿನ ತಿದ್ದುಪಡಿಯಿಂದ ಎಲ್ಲವೂ ಬದಲಾಗುವುವು. ೨೦೧೪ರ ನವೆಂಬರ್ ೧ರಂದು ಬಿಜಾಪುರವು ವಿಜಯಪುರವೆಂಬ ಹೆಸರನ್ನು ಪಡೆಯಿತು. ಅನಂತರ ತಿಕೋಟಾ, ಬಬಲೇಶ್ವರಗಳು ಪ್ರತ್ಯೇಕ ತಾಲ್ಲೂಕುಗಳಾದುವು. ಇವು ಬರಹದಲ್ಲಿ ಆಗಬೇಕಾದ ಬದಲಾವಣೆಗಳು. ರೂಪಕ್ಕೂ ಇವಕ್ಕೂ ಸಂಬಂಧವಿಲ್ಲ. ಎರಡೂ ಒಂದೇ ಕಡೆ ಹೆಣೆದುಕೊಂಡಿದ್ದ ಪುಟದಲ್ಲಿ ಊರಿನ ವಿಷಯವನ್ನು ಬಲ್ಲ, ಆದರೆ ವಿಧಿಗಳ ಭಾಷೆಯನ್ನು ಅರಿಯದ ಒಬ್ಬನು ತಾಲ್ಲೂಕಿನ ಹೆಸರನ್ನು ತಿದ್ದಲು ಹೋಗಿ ಚೌಕಟ್ಟನ್ನೇ ಮುರಿಯುವ ಭಯವುಂಟು. ಆ ಭಯದಿಂದ ತಿದ್ದದೆ ಬಿಟ್ಟ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

೨. ವಿಧಿಗಳ ಪ್ರಾಬಲ್ಯಕ್ರಮ

ಶೈಲಿಪತ್ರಗಳನ್ನು ಬೇರ್ಪಡಿಸಿದ ಮಾತ್ರಕ್ಕೆ ವ್ಯವಸ್ಥೆಯು ಸಿದ್ಧಿಸುವುದಿಲ್ಲ. ಒಂದೇ ಪುಟಕ್ಕೆ ಅನೇಕ ಶೈಲಿಪತ್ರಗಳು ಅನ್ವಯಿಸುವುವು. ಅವುಗಳಲ್ಲಿ ಪರಸ್ಪರ ವಿರುದ್ಧವಾದ ವಿಧಿಗಳೂ ಇರಬಹುದು. ಯಾವುದು ಗೆಲ್ಲಬೇಕೆಂಬುದಕ್ಕೆ ಒಂದು ನಿಯತವಾದ ಕ್ರಮವಿದೆ. ಬ್ರೌಸರು ತಾನಾಗಿ ಇಟ್ಟುಕೊಂಡಿರುವ ವಿಧಿಗಿಂತ ಪುಟದ ಕರ್ತೃವು ಕೊಟ್ಟ ವಿಧಿಯು ಪ್ರಬಲ. ಕರ್ತೃವಿನ ವಿಧಿಗಳಲ್ಲಿಯೂ ಸಾಮಾನ್ಯವಿಧಿಗಿಂತ ವಿಶೇಷವಿಧಿಯು ಪ್ರಬಲ. ‘ಎಲ್ಲ ಕೋಷ್ಟಕಗಳಿಗೆ’ ಎಂದು ಹೇಳಿದುದಕ್ಕಿಂತ ‘ಈ ಹೆಸರಿನ ಕೋಷ್ಟಕಕ್ಕೆ’ ಎಂದು ಹೇಳಿದುದು ಮೇಲು. ವೈಶಿಷ್ಟ್ಯದಲ್ಲಿ ಎರಡು ವಿಧಿಗಳು ಸಮವಾಗಿದ್ದರೆ ಕೊನೆಗೆ ಬಂದುದು ಮೊದಲಿನದನ್ನು ಬಾಧಿಸುವುದು. ಸಾಮಾನ್ಯವನ್ನು ವಿಶೇಷವೂ, ಪೂರ್ವವನ್ನು ಪರವೂ ಬಾಧಿಸುವ ಈ ನ್ಯಾಯವು ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ.

ಇದರಿಂದ ಒಂದು ಮುಖ್ಯವಾದ ಪರಿಣಾಮವುಂಟಾಗುತ್ತದೆ. ಕಡತಗಳು ಬರುವ ಕ್ರಮವೇ ಅರ್ಥದ ಒಂದು ಭಾಗವಾಗುತ್ತದೆ. ಓಲೆಯ ಕಟ್ಟಿನಲ್ಲಿ ದಾರವು ಕಳಚಿ ಗರಿಗಳು ಹಿಂದುಮುಂದಾದರೆ ಗ್ರಂಥವು ಹೇಗೆ ಕೆಡುವುದೋ ಹಾಗೆ, ಶೈಲಿಪತ್ರಗಳನ್ನು ಕಟ್ಟುವಾಗ ಕ್ರಮವು ತಪ್ಪಿದರೆ ಪುಟದ ರೂಪವು ಕೆಡುವುದು. ಉದಾಹರಣೆಗೆ, ಕೋಷ್ಟಕಗಳಲ್ಲಿ ಸಾಲಿನ ಎತ್ತರವು ಅಕ್ಷರದ ಅಳತೆಯ ೧.೨ ಪಾಲಿರಲಿ ಎಂದು ಒಂದು ಪತ್ರವೂ, ಕನ್ನಡ ಪುಟಗಳ ಕೋಷ್ಟಕಗಳಲ್ಲಿ ಅದು ೧.೬ ಪಾಲಿರಲಿ ಎಂದು ಅದಕ್ಕೆ ಸಮಬಲದ ಇನ್ನೊಂದು ಪತ್ರವೂ ವಿಧಿಸಿವೆಯೆಂದು ಇಟ್ಟುಕೊಳ್ಳೋಣ. ಕನ್ನಡದ ಪತ್ರವು ಕೊನೆಗೆ ಬಂದರೆ ಎಲ್ಲವೂ ಸರಿ. ಕಟ್ಟುವವನ ಅಜಾಗ್ರತೆಯಿಂದ ಅದು ಮೊದಲು ಬಂದರೆ ಸಾಲುಗಳು ಒತ್ತಾಗಿ, ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಣಿತಚಿಹ್ನೆಗೆ ತಗಲುವುದು. ‘ಜಿಲ್ಲೆ’, ‘ತಾಲ್ಲೂಕು’ ಎಂಬ ಪದಗಳೆರಡರಲ್ಲಿಯೂ ಒತ್ತಕ್ಷರವಿರುವುದರಿಂದ ಗ್ರಾಮಗಳ ಮಾಹಿತಿಚೌಕಟ್ಟಿನಲ್ಲಿಯೇ ಈ ದೋಷವು ಮೊದಲು ಕಣ್ಣಿಗೆ ಬೀಳುತ್ತದೆ. ಒತ್ತಕ್ಷರಗಳಿಲ್ಲದ ರೋಮನ್ ಲಿಪಿಯಲ್ಲಿ ಪರೀಕ್ಷಿಸಿ ನೋಡಿದವನಿಗೆ ಇದು ಕಾಣುವುದೇ ಇಲ್ಲ.

ಆದುದರಿಂದ ವಿಂಗಡಣೆಯ ಮೊದಲ ನಿಯಮವನ್ನು ಹೀಗೆ ಹೇಳಬಹುದು. ಸರ್ವಸಾಮಾನ್ಯವಾದುದು ಮೊದಲು, ತಾಣದ ಹೊದಿಕೆಗೆ ಸಂಬಂಧಿಸಿದುದು ಅನಂತರ, ಭಾಷೆಗೆ ಮತ್ತು ಪುಟದ ಒಂದೊಂದು ಅಂಗಕ್ಕೆ ಸಂಬಂಧಿಸಿದುದು ಕೊನೆಗೆ. ಪ್ರತಿಯೊಂದು ವಿಧಿಯೂ ತನಗೆ ಸೇರಿದ ಅಂಗದ ಕಡತದಲ್ಲಿಯೇ ಇರತಕ್ಕದ್ದು. ಒಂದು ಅಂಗವನ್ನು ತೆಗೆದುಹಾಕಿದಾಗ ಅದರ ಶೈಲಿಪತ್ರವನ್ನೂ ನಿಸ್ಸಂದೇಹವಾಗಿ ತೆಗೆದುಹಾಕುವಂತಿರಬೇಕು. ಹೀಗಿಲ್ಲದ ತಾಣದಲ್ಲಿ ಯಾವ ವಿಧಿಯು ಯಾರಿಗೆ ಬೇಕೆಂಬುದು ತಿಳಿಯದೆ, ಹಳೆಯದನ್ನು ಅಳಿಸಲು ಯಾರಿಗೂ ಧೈರ್ಯವಿಲ್ಲದೆ, ಪತ್ರವು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗುತ್ತದೆ.

೩. ಒಂದೊಂದಾಗಿ ತರುವುದರ ವೆಚ್ಚ

ಮೇಲಿನ ನಿಯಮವನ್ನು ಅನುಸರಿಸಿದರೆ ಸಣ್ಣ ಸಣ್ಣ ಕಡತಗಳು ಬಹಳವಾಗುವುವು. ಬರೆಯುವವನಿಗೆ ಇದು ಹಿತ. ಓದುವವನಿಗೆ ಮಾತ್ರ ಅಹಿತ. ಕಾರಣವೇನೆಂದರೆ, ಬ್ರೌಸರು ಒಂದೊಂದು ಕಡತಕ್ಕೂ ಸರ್ವರಿಗೆ ಒಂದೊಂದು ಕೋರಿಕೆಯನ್ನು ಕಳುಹಿಸಿ ಉತ್ತರಕ್ಕಾಗಿ ಕಾಯಬೇಕು. ಘೋಣಸಗಿಯ ಗೃಹಸ್ಥನು ಉಪ್ಪಿಗೊಮ್ಮೆ, ಎಣ್ಣೆಗೊಮ್ಮೆ, ಬೆಲ್ಲಕ್ಕೊಮ್ಮೆ ತಿಕೋಟಾದ ಪೇಟೆಗೆ ಹೋಗಿಬಂದರೆ ಸಾಮಾನಿನ ಬೆಲೆಗಿಂತ ದಾರಿಯ ದಣಿವೇ ಹೆಚ್ಚಾಗುವುದಲ್ಲವೆ? ಇಲ್ಲಿಯೂ ಹಾಗೆಯೇ.

ಒಂದು ಕೋರಿಕೆಯು ಹೋಗಿ ಉತ್ತರವು ಬರಲು ಸೆಕೆಂಡಿನ ಐದನೆಯ ಒಂದು ಪಾಲು ಬೇಕೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಬಹುದು. ಜಾಲದ ಹಳೆಯ ಸಂವಹನಕ್ರಮದಲ್ಲಿ ಬ್ರೌಸರುಗಳು ಸಾಮಾನ್ಯವಾಗಿ ಒಂದು ಸರ್ವರಿನೊಡನೆ ಏಕಕಾಲದಲ್ಲಿ ೬ ಸಂಪರ್ಕಗಳನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದುವು. ೨೪ ಕಡತಗಳಿದ್ದರೆ ೪ ಸರದಿಗಳಾಗಿ, ಬರಿಯ ಓಡಾಟಕ್ಕೇ ೦.೮ ಸೆಕೆಂಡು ಕಳೆಯುವುದು. ಸಂಪರ್ಕವು ದುರ್ಬಲವಾಗಿ ಒಂದು ಓಡಾಟಕ್ಕೆ ಇಡೀ ಒಂದು ಸೆಕೆಂಡು ಹಿಡಿದರೆ ಅದು ೪ ಸೆಕೆಂಡುಗಳಾಗುವುದು. ಪುಟದ ಶಿರೋಭಾಗದಲ್ಲಿ ಹೆಸರಿಸಿದ ಶೈಲಿಪತ್ರಗಳು ಬಂದು ಸೇರುವವರೆಗೆ ಬ್ರೌಸರು ಸಾಮಾನ್ಯವಾಗಿ ಪುಟವನ್ನು ಚಿತ್ರಿಸುವುದೇ ಇಲ್ಲ. ಮೊದಲು ಬೋಳಾಗಿ ತೋರಿಸಿ ಆಮೇಲೆ ಅಲಂಕರಿಸಿದರೆ ಓದುವವನ ಕಣ್ಣೆದುರಿಗೆ ಪುಟವು ಕುಪ್ಪಳಿಸುವುದೆಂಬ ಕಾರಣದಿಂದ. ಹೀಗಾಗಿ ಬರಹವು ಎಂದೋ ಬಂದಿದ್ದರೂ ವಾಚಕನ ಮುಂದೆ ಬಿಳಿಯ ಪರದೆ ಮಾತ್ರ ಇರುವುದು.

೨೦೧೫ರಲ್ಲಿ ಪ್ರಕಟವಾದ ಎಚ್.ಟಿ.ಟಿ.ಪಿ./೨ ಎಂಬ ಹೊಸ ಸಂವಹನಕ್ರಮವು ಒಂದೇ ಸಂಪರ್ಕದಲ್ಲಿ ಅನೇಕ ಕೋರಿಕೆಗಳನ್ನು ಏಕಕಾಲಕ್ಕೆ ಸಾಗಿಸಲು ಅವಕಾಶ ಮಾಡಿತು. ಇದರಿಂದ ಕಟ್ಟುವಿಕೆಯ ಅವಶ್ಯಕತೆಯೇ ತಪ್ಪಿತೆಂದು ಕೆಲವರು ಭಾವಿಸಿದ್ದುಂಟು. ಅದು ಪೂರ್ಣವಾಗಿ ಸರಿಯಲ್ಲ. ಒಂದೊಂದು ಕೋರಿಕೆಗೂ ಸ್ವಲ್ಪವಾದರೂ ಹೊರೆಯುಂಟು. ಅಲ್ಲದೆ ಒಂದೇ ಬಗೆಯ ಬರಹಗಳನ್ನು ಒಟ್ಟಿಗೆ ಇಟ್ಟು ಸಂಕೋಚಗೊಳಿಸಿದರೆ, ಪುನರುಕ್ತವಾದ ಭಾಗಗಳು ಹೆಚ್ಚಾಗಿ ದೊರೆಯುವುದರಿಂದ ಬಿಡಿಬಿಡಿಯಾಗಿ ಸಂಕೋಚಗೊಳಿಸಿದುದಕ್ಕಿಂತ ತೂಕವು ಕಡಿಮೆಯಾಗುವುದು. ಆದರೆ ಎಲ್ಲವನ್ನೂ ಒಂದೇ ಕಟ್ಟಾಗಿ ಮಾಡಲೇಬೇಕೆಂಬ ಹಿಂದಿನ ಒತ್ತಾಯವು ಸಡಿಲವಾಯಿತೆಂಬುದು ನಿಜ.

೪. ಮೀಡಿಯಾವಿಕಿಯ ಸಂಪನ್ಮೂಲವಾಹಕ

ಬರೆಯುವವನ ಹಿತವನ್ನೂ ಓದುವವನ ಹಿತವನ್ನೂ ಒಟ್ಟಿಗೆ ಸಾಧಿಸುವುದಕ್ಕಾಗಿ ಮೀಡಿಯಾವಿಕಿಯ ೧.೧೭ನೆಯ ಆವೃತ್ತಿಯಲ್ಲಿ, ಅಂದರೆ ೨೦೧೧ರಲ್ಲಿ, ‘ರಿಸೋರ್ಸ್‌ಲೋಡರ್’ ಎಂಬ ಏರ್ಪಾಡನ್ನು ಸೇರಿಸಲಾಯಿತು. ಸಂಪನ್ಮೂಲವಾಹಕವೆಂದು ಇದನ್ನು ಕರೆಯಬಹುದು. ಇದರ ಮೂಲಭಾವನೆಯು ಇಷ್ಟೆ: ಬರೆಯುವವನ ಬಳಿ ಸಾಮಗ್ರಿಯು ಬಿಡಿಯಾಗಿರಲಿ, ಓದುವವನಿಗೆ ಕಟ್ಟಾಗಿ ಹೋಗಲಿ, ಕಟ್ಟುವ ಕೆಲಸವನ್ನು ಯಂತ್ರವು ಮಾಡಲಿ.

ಇದರಲ್ಲಿ ಸಾಮಗ್ರಿಯ ಮಾನವು ಕಡತವಲ್ಲ, ಘಟಕ. ಒಂದು ಘಟಕದಲ್ಲಿ ಪುಟದ ಒಂದು ಅಂಗಕ್ಕೆ ಬೇಕಾದ ಶೈಲಿಪತ್ರಗಳು, ಸ್ಕ್ರಿಪ್ಟುಗಳು, ಪರದೆಯ ಮೇಲೆ ತೋರಿಸತಕ್ಕ ಮಾತುಗಳು ಒಟ್ಟಿಗೆ ಸೇರಿರುತ್ತವೆ. ತನಗೆ ಮುಂಚೆ ಯಾವ ಯಾವ ಘಟಕಗಳು ಬಂದಿರಬೇಕೆಂಬುದನ್ನು ಘಟಕವೇ ಹೆಸರಿಸಿ ಹೇಳಬಹುದು. ಆ ಹೇಳಿಕೆಯನ್ನು ನೋಡಿ ವಾಹಕವು ಕ್ರಮವನ್ನು ತಾನೇ ನಿರ್ಣಯಿಸುತ್ತದೆ. ಹೀಗೆ ಕ್ರಮವು ಒಬ್ಬನ ನೆನಪಿನಲ್ಲಿ ಉಳಿಯುವ ಗುಟ್ಟಾಗದೆ, ಬರೆದಿಟ್ಟ ವಿಷಯವಾಗುತ್ತದೆ.

ಒಂದು ಪುಟಕ್ಕೆ ಕೋರಿಕೆ ಬಂದಾಗ ಆ ಪುಟಕ್ಕೆ ಬೇಕಾದ ಶೈಲಿಘಟಕಗಳ ಹೆಸರುಗಳೆಲ್ಲವನ್ನೂ ಕೂಡಿಸಿ ಒಂದು ಕೋರಿಕೆಯನ್ನಾಗಿ ಮಾಡಲಾಗುತ್ತದೆ. ಸರ್ವರು ಅವುಗಳನ್ನು ಒಂದರ ಹಿಂದೊಂದಾಗಿ ಜೋಡಿಸಿ, ಟಿಪ್ಪಣಿಗಳನ್ನೂ ಅನಾವಶ್ಯಕವಾದ ಖಾಲಿ ಜಾಗಗಳನ್ನೂ ತೆಗೆದುಹಾಕಿ ಕಳುಹಿಸುತ್ತದೆ. ತೀರ ಸಣ್ಣ ಚಿತ್ರಗಳನ್ನು ಬೇರೆ ಕಡತವಾಗಿ ಕಳುಹಿಸದೆ ಶೈಲಿಪತ್ರದೊಳಗೇ ಅಕ್ಷರರೂಪದಲ್ಲಿ ಸೇರಿಸುವುದೂ ಉಂಟು. ಹಾಗೆ ಸೇರಿಸಲು ಬಳಸುವ ರೂಢಿಯ ಕ್ರಮದಲ್ಲಿ ೩ ಬೈಟುಗಳ ವಿಷಯವು ೪ ಬೈಟುಗಳಾಗುವುದರಿಂದ ದೊಡ್ಡ ಚಿತ್ರಗಳಿಗೆ ಇದು ಲಾಭಕರವಲ್ಲ. ಚಿಕ್ಕವುಗಳಿಗೆ ಮಾತ್ರ ಒಂದು ಓಡಾಟದ ಉಳಿತಾಯವು ಆ ನಷ್ಟವನ್ನು ಮೀರುತ್ತದೆ.

ಭಾಷೆಯ ಸಂಬಂಧವಾಗಿ ಇನ್ನೆರಡು ಅಂಶಗಳು ಗಮನಾರ್ಹವಾಗಿವೆ. ಘಟಕದೊಡನೆ ಹೋಗತಕ್ಕ ಮಾತುಗಳು ಲೋಕದ ಎಲ್ಲ ಭಾಷೆಗಳಲ್ಲಿ ಹೋಗದೆ ವಾಚಕನು ಆರಿಸಿದ ಭಾಷೆಯಲ್ಲಿ ಮಾತ್ರ ಹೋಗುವುವು; ಕನ್ನಡದ ವಾಚಕನು ನೂರಾರು ಅನ್ಯಭಾಷೆಗಳ ಮಾತುಗಳ ಹೊರೆಯನ್ನು ಹೊರಬೇಕಾದುದಿಲ್ಲ. ಎರಡನೆಯದಾಗಿ, ಎಡದಿಂದ ಬಲಕ್ಕೆ ಬರೆಯುವ ಭಾಷೆಗಾಗಿ ರಚಿಸಿದ ಶೈಲಿಪತ್ರವನ್ನು ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುವ ಭಾಷೆಗೆ ಕಳುಹಿಸುವಾಗ, ವಾಹಕವು ಎಡ, ಬಲಗಳ ವಿಧಿಗಳನ್ನು ತಾನಾಗಿಯೇ ಅದಲುಬದಲು ಮಾಡುತ್ತದೆ. ಕನ್ನಡ ವಿಕಿಪೀಡಿಯಕ್ಕೂ ಉರ್ದು ವಿಕಿಪೀಡಿಯಕ್ಕೂ ಮೂಲಪತ್ರವು ಒಂದೇ. ಕಟ್ಟು ಮಾತ್ರ ಬೇರೆ.

ಒಮ್ಮೆ ಬಂದ ಕಟ್ಟನ್ನು ಬ್ರೌಸರು ತನ್ನ ಸಂಗ್ರಹದಲ್ಲಿ ಇಟ್ಟುಕೊಂಡರೆ ಎರಡನೆಯ ಪುಟಕ್ಕೆ ಮತ್ತೆ ತರಬೇಕಾಗಿಲ್ಲ. ಆದರೆ ಬಹುಕಾಲ ಇಟ್ಟುಕೊಂಡರೆ, ಈ ನಡುವೆ ತಿದ್ದಿದುದು ವಾಚಕನಿಗೆ ತಲುಪದು; ಸ್ವಲ್ಪಕಾಲ ಮಾತ್ರ ಇಟ್ಟುಕೊಂಡರೆ ಸಂಗ್ರಹದಿಂದ ಪ್ರಯೋಜನವಿಲ್ಲ. ಈ ತೊಡಕನ್ನು ಬಿಡಿಸಿದ ಬಗೆಯು ಹೀಗಿದೆ. ಪ್ರತಿಯೊಂದು ಘಟಕಕ್ಕೂ ಅದರ ಒಳಗಿರುವ ವಿಷಯದಿಂದಲೇ ಲೆಕ್ಕಹಾಕಿದ ಒಂದು ಆವೃತ್ತಿಚಿಹ್ನೆಯಿರುತ್ತದೆ. ವಿಷಯವು ಒಂದು ಅಕ್ಷರದಷ್ಟು ಬದಲಾದರೂ ಚಿಹ್ನೆಯು ಬದಲಾಗುತ್ತದೆ. ಚಿಹ್ನೆಗಳ ಪಟ್ಟಿಯನ್ನು ಹೊತ್ತ ಒಂದು ಪ್ರಾರಂಭಘಟಕವನ್ನು ಮಾತ್ರ ಅಲ್ಪಕಾಲದ ಸಂಗ್ರಹಕ್ಕೆ ಒಪ್ಪಿಸಿ, ಚಿಹ್ನೆಯಿಂದ ಕೂಡಿದ ಉಳಿದ ಘಟಕಗಳನ್ನು ದೀರ್ಘಕಾಲದ ಸಂಗ್ರಹಕ್ಕೆ ಬಿಡಲಾಗಿದೆ. ರೂಢಿಯ ಮಿತಿಗಳು ಕ್ರಮವಾಗಿ ೫ ನಿಮಿಷ ಮತ್ತು ೩೦ ದಿನ. ಪಟ್ಟಿಯಲ್ಲಿ ಚಿಹ್ನೆಯು ಬದಲಾದ ಘಟಕವನ್ನು ಮಾತ್ರ ಬ್ರೌಸರು ಹೊಸದಾಗಿ ತರಿಸುತ್ತದೆ. ತಿದ್ದಿದುದು ಬೇಗ ತಲುಪುತ್ತದೆ. ತಿದ್ದದುದು ಮತ್ತೆ ಓಡಾಡುವುದಿಲ್ಲ.

ಕಟ್ಟಿದ ಮೇಲೆ ದೋಷವನ್ನು ಹುಡುಕುವುದು ಕಷ್ಟವೆಂಬ ಆಕ್ಷೇಪಣೆಗೂ ಉತ್ತರವಿದೆ. ಪುಟದ ವಿಳಾಸಕ್ಕೆ ಪರೀಕ್ಷೆಯ ಸೂಚನೆಯನ್ನು ಸೇರಿಸಿ ತೆರೆದರೆ ವಾಹಕವು ಸಾಮಗ್ರಿಯನ್ನು ಸಂಕೋಚಗೊಳಿಸದೆ, ಓದಿ ತಿದ್ದಲು ಬರುವಂತೆ ಒದಗಿಸುತ್ತದೆ. ಕರ್ಮಶಾಲೆಯ ಕ್ರಮವು ಕರ್ಮಶಾಲೆಯಲ್ಲಿಯೂ, ಮಾರುಕಟ್ಟೆಯ ಕ್ರಮವು ಮಾರುಕಟ್ಟೆಯಲ್ಲಿಯೂ ಉಳಿಯುತ್ತವೆ.

೫. ಕಟ್ಟಿನ ಮಿತಿ

ಕಟ್ಟುವುದು ಒಳ್ಳೆಯದೆಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ತುಂಬುವುದು ಒಳ್ಳೆಯದಲ್ಲ. ಪ್ರತಿಯೊಂದು ವಿಕಿಯಲ್ಲಿಯೂ ‘ಕಾಮನ್ ಸಿ.ಎಸ್.ಎಸ್.’ ಎಂಬ ಒಂದು ಸಾಮಾನ್ಯ ಶೈಲಿಪತ್ರವಿದೆ. ಅಲ್ಲಲ್ಲಿನ ಸಮುದಾಯವು ತನ್ನ ತಾಣಕ್ಕೆಲ್ಲ ಅನ್ವಯಿಸತಕ್ಕ ವಿಧಿಗಳನ್ನು ಅದರಲ್ಲಿ ಬರೆಯುತ್ತದೆ. ಎಲ್ಲಿ ಇಡಬೇಕೆಂದು ತೋಚದ ವಿಧಿಗಳೆಲ್ಲ ಅಲ್ಲಿಗೆ ಬಂದು ಸೇರುವುದು ಸ್ವಾಭಾವಿಕ. ಚದುರಂಗದ ಹಾಸನ್ನು ತೋರಿಸುವ ವಿಧಿಯು ಅದರಲ್ಲಿದ್ದರೆ ಘೋಣಸಗಿಯ ಪುಟವನ್ನು ಓದುವವನೂ ಆ ಹೊರೆಯನ್ನು ಹೊರಬೇಕು. ಇದಲ್ಲದೆ ಇನ್ನೊಂದು ನ್ಯೂನತೆಯಿತ್ತು. ಮೊಬೈಲಿಗಾಗಿ ರಚಿಸಿದ ಹೊದಿಕೆಗೆ ಈ ಸಾಮಾನ್ಯಪತ್ರವು ಬಹುಕಾಲ ಹೋಗುತ್ತಲೇ ಇರಲಿಲ್ಲ. ಮಾಹಿತಿಚೌಕಟ್ಟಿನ ವಿಧಿಗಳನ್ನು ಇದರಲ್ಲಿ ಮಾತ್ರ ಇಟ್ಟಿದ್ದ ತಾಣದಲ್ಲಿ ಮೇಜಿನ ಗಣಕದ ಮುಂದೆ ಕುಳಿತವನಿಗೆ ಚೌಕಟ್ಟು ಸುಂದರವಾಗಿ ಕಂಡರೂ ಮೊಬೈಲಿನ ವಾಚಕನಿಗೆ ಆ ವಿಧಿಗಳು ದೊರೆಯುತ್ತಿರಲಿಲ್ಲ.

ಇದರ ಪರಿಹಾರಕ್ಕಾಗಿ ‘ಟೆಂಪ್ಲೇಟ್‌ಸ್ಟೈಲ್ಸ್’ ಎಂಬ ವಿಸ್ತರಣೆಯು ೨೦೧೮ರ ಸುಮಾರಿಗೆ ವಿಕಿಗಳಲ್ಲಿ ಬಳಕೆಗೆ ಬಂದಿತು. ವಿಕಿಯಲ್ಲಿ ಟೆಂಪ್ಲೇಟು ಎಂದರೆ ಅನೇಕ ಪುಟಗಳು ಸಮಾನವಾಗಿ ಕರೆದುಕೊಳ್ಳುವ ಒಂದು ಅಚ್ಚು. ಮಾಹಿತಿಚೌಕಟ್ಟು ಅಂತಹ ಒಂದು ಅಚ್ಚು. ಈ ವಿಸ್ತರಣೆಯ ಪ್ರಕಾರ ಅಚ್ಚಿನ ಶೈಲಿಪತ್ರವನ್ನು ಅಚ್ಚಿನ ಬಳಿಯಲ್ಲಿಯೇ ಒಂದು ಉಪಪುಟವಾಗಿ ಇಡಬಹುದು. ಆ ಅಚ್ಚನ್ನು ಬಳಸಿದ ಪುಟಗಳಿಗೆ ಮಾತ್ರ ಆ ವಿಧಿಗಳು ಹೋಗುವುವು. ಒಂದೇ ಪುಟದಲ್ಲಿ ಹತ್ತು ಸಲ ಬಳಸಿದರೂ ವಿಧಿಗಳು ಒಂದೇ ಸಲ ಹೋಗುವುವು. ಮೊಬೈಲಿನ ಹೊದಿಕೆಗೂ ಹೋಗುವುವು. ಅವು ಪುಟದ ಬರಹದ ಭಾಗವನ್ನು ಮಾತ್ರ ಮುಟ್ಟಬಲ್ಲುವು, ಸುತ್ತಲಿನ ಹೊದಿಕೆಯನ್ನು ಮುಟ್ಟಲಾರವು. ಅಪಾಯಕರವಾದ ವಿಧಿಗಳನ್ನು ಯಂತ್ರವೇ ಶೋಧಿಸಿ ನಿರಾಕರಿಸುತ್ತದೆ.

ಈ ಶೋಧನೆಗೆ ಸಾಮಾಜಿಕವಾದ ಒಂದು ಫಲವೂ ಉಂಟು. ೨೦೧೮ರ ಆಗಸ್ಟಿನಿಂದ ವಿಕಿಗಳ ಸಾಮಾನ್ಯ ಶೈಲಿಪತ್ರವನ್ನು ತಿದ್ದುವ ಅಧಿಕಾರವು ಭದ್ರತೆಯ ದೃಷ್ಟಿಯಿಂದ ‘ಅಂತರ್ಮುಖ ನಿರ್ವಾಹಕ’ರೆಂಬ ಕೆಲವರಿಗೆ ಮಾತ್ರ ಸೀಮಿತವಾಯಿತು. ಅಚ್ಚಿನ ಶೈಲಿಪತ್ರವನ್ನಾದರೋ, ಆ ಅಚ್ಚನ್ನು ತಿದ್ದಬಲ್ಲ ಯಾವ ಸಂಪಾದಕನೂ ತಿದ್ದಬಹುದು. ಗ್ರಾಮದ ಪುಟಗಳನ್ನು ಬರೆಯುವವನಿಗೆ ಚೌಕಟ್ಟಿನಲ್ಲಿ ಒತ್ತಕ್ಷರವು ಕತ್ತರಿಸಿ ಕಂಡರೆ ಅವನು ಬೇರೆಯವರಿಗೆ ಅರ್ಜಿ ಬರೆದು ಕಾಯಬೇಕಾಗಿಲ್ಲ. ವಿಧಿಯು ಯಾವ ಕಡತದಲ್ಲಿರಬೇಕೆಂಬ ನಿರ್ಣಯವು, ದೋಷವನ್ನು ಯಾರು ತಿದ್ದಬಲ್ಲರೆಂಬ ನಿರ್ಣಯವೂ ಆಗುತ್ತದೆ.

೬. ಫಾಂಟಿನ ಪ್ರಸಂಗ

ಸಾಮಗ್ರಿಗಳಲ್ಲೆಲ್ಲ ಕನ್ನಡಕ್ಕೆ ಅತ್ಯಂತ ಭಾರವಾದುದು ಫಾಂಟು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳೆರಡೂ ಸೇರಿ ೫೨ ಆಕಾರಗಳಾಗುತ್ತವೆ. ಕನ್ನಡದಲ್ಲಿಯಾದರೋ ವ್ಯಂಜನಗಳು, ಅವುಗಳ ಒತ್ತುಗಳು, ಗುಣಿತದಿಂದ ಆಗುವ ರೂಪಭೇದಗಳು ಇವೆಲ್ಲವೂ ಸೇರಿ ಆಕಾರಗಳ ಸಂಖ್ಯೆಯು ನೂರಾರಾಗುವುದು. ಅವು ಹೇಗೆ ಕೂಡಿಕೊಳ್ಳಬೇಕೆಂಬ ನಿಯಮಗಳೂ ಫಾಂಟಿನೊಳಗೇ ಇರಬೇಕು. ಪುಟದೊಡನೆ ಫಾಂಟನ್ನೂ ಕಳುಹಿಸುವ ವಿಧಾನವನ್ನು ೧೯೯೮ರ ಸಿ.ಎಸ್.ಎಸ್. ಎರಡನೆಯ ಶಿಫಾರಸ್ಸಿನಲ್ಲಿಯೇ ಹೇಳಿತ್ತು. ಅದಕ್ಕೆ ತಕ್ಕ ಸಂಕೋಚಿತ ಕಡತರೂಪವಾದ ವೋಫ್ ಎಂಬುದು ೨೦೧೨ರಲ್ಲಿಯೂ, ಅದರ ಸುಧಾರಿತ ರೂಪವು ೨೦೧೮ರಲ್ಲಿಯೂ ಶಿಫಾರಸ್ಸಾದುವು.

೨೦೧೧ರ ಸುಮಾರಿಗೆ ಅನೇಕ ಗಣಕಗಳಲ್ಲಿಯೂ ಮೊಬೈಲುಗಳಲ್ಲಿಯೂ ಭಾರತೀಯ ಭಾಷೆಗಳ ಫಾಂಟುಗಳಿರಲಿಲ್ಲ. ಅಕ್ಷರವಿರಬೇಕಾದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದುವು. ಇದನ್ನು ಕಂಡು ವಿಕಿಮೀಡಿಯ ಸಂಸ್ಥೆಯು ಆ ವರ್ಷದ ಕೊನೆಯಲ್ಲಿ ಭಾರತೀಯ ಭಾಷೆಗಳ ವಿಕಿಗಳಲ್ಲಿ ಫಾಂಟನ್ನು ಪುಟದೊಡನೆ ಕಳುಹಿಸುವ ವಿಸ್ತರಣೆಯೊಂದನ್ನು ಅಳವಡಿಸಿತು. ೨೦೧೩ರಲ್ಲಿ ಅದು ‘ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್’ ಎಂಬ ಭಾಷಾಸಾಧನದಲ್ಲಿ ಸೇರಿಹೋಯಿತು. ಕನ್ನಡಕ್ಕೆ ಲೋಹಿತ್ ಕನ್ನಡ, ಗುಬ್ಬಿ ಎಂಬ ಮುಕ್ತಫಾಂಟುಗಳು ಅದರಲ್ಲಿ ದೊರೆಯುತ್ತವೆ.

ಉದ್ದೇಶವು ಸಾಧುವಾಗಿದ್ದರೂ ಪರಿಣಾಮವು ಮಿಶ್ರವಾಯಿತು. ಫಾಂಟಿನಿಂದಾಗಿ ಪುಟಗಳು ನಿಧಾನವಾಗುತ್ತಿರುವುದು ಕೆಲವು ವಿಕಿಗಳಲ್ಲಿ ಕಂಡುಬಂದುದರಿಂದ, ೨೦೧೪ರ ಜನವರಿ ೨೧ರಂದು ಆ ಸಾಧನವನ್ನು ವಿಕಿಗಳಲ್ಲಿ ತಾನಾಗಿ ಪ್ರವರ್ತಿಸದಂತೆ ನಿಲ್ಲಿಸಿ, ಬೇಕೆಂದವರು ತಮ್ಮ ಆಯ್ಕೆಯಿಂದ ಪಡೆಯುವಂತೆ ಮಾಡಲಾಯಿತು. ವಾಚಕನ ಯಂತ್ರದಲ್ಲಿ ಅಕ್ಷರವು ಖಾಲಿ ಚೌಕವಾಗಿ ಕಾಣುತ್ತಿದೆಯೇ ಎಂಬುದನ್ನು ಪರೀಕ್ಷಿಸಿ ನೋಡುವ ಉಪಾಯವನ್ನೂ ಆ ಸಾಧನದಲ್ಲಿ ಅಳವಡಿಸಲಾಗಿದೆ. ಭಾಷೆಯ ಸಿದ್ಧತೆಗಳಲ್ಲಿ ‘ಅಗತ್ಯವಿದ್ದಾಗ ಫಾಂಟನ್ನು ಇಳಿಸಿಕೊಳ್ಳುವ’ ಆಯ್ಕೆಯು ವಾಚಕನ ಕೈಯಲ್ಲಿ ಉಳಿಯಿತು.

ಈ ಪ್ರಸಂಗದಲ್ಲಿ ಎರಡು ಪಕ್ಷಗಳಿಗೂ ಆಧಾರವಿತ್ತೆಂಬುದನ್ನು ಮರೆಯಬಾರದು. ಫಾಂಟಿಲ್ಲದವನಿಗೆ ಅದನ್ನು ಕಳುಹಿಸದಿದ್ದರೆ ಪುಟವು ಎಷ್ಟು ಬೇಗ ಬಂದರೂ ನಿರರ್ಥಕ. ಫಾಂಟಿರುವವನಿಗೆ ಇನ್ನೊಂದನ್ನು ಕಳುಹಿಸಿದರೆ ಅವನ ಕಾಲವೂ ಹಣವೂ ವ್ಯರ್ಥ. ಎಲ್ಲರಿಗೂ ಒಂದೇ ಕಟ್ಟು ಎಂಬ ಏರ್ಪಾಡು ಇಬ್ಬರಲ್ಲಿ ಒಬ್ಬನಿಗೆ ಅನ್ಯಾಯವನ್ನು ಮಾಡಿಯೇ ತೀರುವುದು. ಇಂದಿನ ಶೈಲಿಪತ್ರಗಳಲ್ಲಿ ಇದಕ್ಕೆ ಕೆಲವು ಉಪಾಯಗಳಿವೆ. ವಾಚಕನ ಯಂತ್ರದಲ್ಲಿರುವ ಫಾಂಟನ್ನು ಮೊದಲು ಹೆಸರಿಸಿ, ಕಳುಹಿಸತಕ್ಕುದನ್ನು ಅನಂತರ ಹೆಸರಿಸಬಹುದು. ಕನ್ನಡ ವಿಭಾಗದ ಸಂಕೇತಗಳು ಪುಟದಲ್ಲಿ ಕಂಡುಬಂದರೆ ಮಾತ್ರ ಕನ್ನಡ ಫಾಂಟನ್ನು ತರಿಸುವಂತೆ ಸಂಕೇತಗಳ ವ್ಯಾಪ್ತಿಯನ್ನು ಸೂಚಿಸಬಹುದು. ಫಾಂಟು ಬರುವವರೆಗೆ ಬರಹವನ್ನು ಮರೆಮಾಡದೆ, ಇರುವ ಫಾಂಟಿನಲ್ಲಿಯೇ ತೋರಿಸೆಂದು ವಿಧಿಸಬಹುದು.

೭. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಫಲಿಸುವ ನಿಯಮಗಳನ್ನು ಸಂಗ್ರಹಿಸಿ ಹೇಳುವುದಾದರೆ, ರೂಪವನ್ನು ಬರಹದಲ್ಲಿ ಬೆರೆಸಬಾರದು. ಪ್ರತಿಯೊಂದು ವಿಧಿಯೂ ತಾನು ಸೇರಿದ ಅಂಗದ ಬಳಿಯಲ್ಲಿಯೇ ಇರಬೇಕು. ಕ್ರಮವು ನೆನಪಿನಲ್ಲಿರದೆ ಬರೆದಿಟ್ಟ ಅವಲಂಬನೆಯಿಂದ ಸಿದ್ಧವಾಗಬೇಕು. ಕಟ್ಟುವ ಕೆಲಸವನ್ನು ಯಂತ್ರಕ್ಕೆ ಬಿಡಬೇಕು. ಕಟ್ಟಿನ ಅಳತೆಯನ್ನು ಮಾತ್ರ ಪುಟದ ಅವಶ್ಯಕತೆಯಿಂದ ನಿರ್ಣಯಿಸಬೇಕು. ವಿಷಯವು ಬದಲಾದಾಗ ಮಾತ್ರ ಬದಲಾಗುವ ಚಿಹ್ನೆಯು ಕಟ್ಟಿಗೆ ಇರಬೇಕು.

ಕನ್ನಡಕ್ಕೆ ಇವುಗಳ ಜೊತೆಗೆ ಇನ್ನೂ ಕೆಲವು ಸೇರುವುವು. ಬರಹವು ಕನ್ನಡವೆಂಬುದನ್ನು ಪುಟದಲ್ಲಿ ಸ್ಪಷ್ಟವಾಗಿ ಗುರುತಿಸಿ, ಕನ್ನಡಕ್ಕೆಂದೇ ಇರುವ ವಿಧಿಗಳನ್ನು ಆ ಗುರುತಿಗೆ ಕಟ್ಟಬೇಕು. ಸಾಲಿನ ಎತ್ತರವು ಒತ್ತಕ್ಷರಕ್ಕೆ ಎಡೆಗೊಡಬೇಕು. ಎತ್ತರವನ್ನು ಬಿಗಿಯಾಗಿ ಗೊತ್ತುಮಾಡಿ ಮೀರಿದುದನ್ನು ಮರೆಮಾಡುವ ವಿಧಿಯನ್ನು ಕನ್ನಡ ಬರಹವಿರುವ ಗುಂಡಿ, ಕೋಷ್ಟಕಗಳಿಗೆ ಹಾಕಬಾರದು. ಓರೆಯಕ್ಷರಗಳ ಸಂಪ್ರದಾಯವು ಕನ್ನಡ ಮುದ್ರಣದಲ್ಲಿ ಬೆಳೆದುದಲ್ಲ. ಯಂತ್ರವು ಬಲವಂತದಿಂದ ಓರೆಮಾಡಿದ ಅಕ್ಷರಕ್ಕಿಂತ ದಪ್ಪಕ್ಷರದಿಂದಲೋ ಉದ್ಧರಣಚಿಹ್ನೆಯಿಂದಲೋ ಒತ್ತು ಕೊಡುವುದು ಯುಕ್ತ. ಈ ವಿಧಿಗಳೆಲ್ಲವೂ ಕೂಡಿ ಹತ್ತಾರು ಸಾಲುಗಳನ್ನು ಮೀರವು. ತಾಣದ ಸಾಮಾನ್ಯಪತ್ರದ ಮೂಲೆಮೂಲೆಗಳಲ್ಲಿ ಅವು ಚದುರಿದ್ದರೆ ಮುಂದಿನ ತಿದ್ದುಪಡಿಯಲ್ಲಿ ಯಾವುದೋ ಒಂದು ಅಳಿದುಹೋಗುವುದು. ಕನ್ನಡದ ಘಟಕವೆಂದು ಪ್ರತ್ಯೇಕವಾಗಿದ್ದರೆ ಅದನ್ನು ಕಾಯುವವರಿಗೆ ಕಾಯತಕ್ಕ ವಸ್ತುವು ಯಾವುದೆಂಬುದು ತಿಳಿದಿರುವುದು.

ಇಂತಹ ವ್ಯವಸ್ಥೆಯು ಸರಿಯಾಗಿದೆಯೇ ಇಲ್ಲವೇ ಎಂಬುದನ್ನು ನಗರದ ವೇಗವಾದ ಸಂಪರ್ಕದಲ್ಲಿ ದೊಡ್ಡ ಪರದೆಯ ಮುಂದೆ ಕುಳಿತು ನಿರ್ಣಯಿಸಲಾಗದು. ಸಂಗ್ರಹದಲ್ಲಿ ಏನೂ ಇಲ್ಲದ, ಅಗ್ಗದ ಒಂದು ಮೊಬೈಲಿನಲ್ಲಿ, ದುರ್ಬಲವಾದ ಸಂಪರ್ಕದಲ್ಲಿ, ‘ಘೋಣಸಗಿ, ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ’ ಎಂಬ ಒಂದು ಸಾಲು ಎಷ್ಟು ಹೊತ್ತಿನಲ್ಲಿ ಕಾಣಿಸಿತು, ಅದರ ಒತ್ತಕ್ಷರಗಳು ಪೂರ್ಣವಾಗಿ ಮೂಡಿದುವೆ ಎಂಬುದನ್ನು ನೋಡಿದರೆ ಸಾಕು.